ಹಳೆಯ ಲ್ಯಾಪ್‌ಟಾಪಿಗೆ ಹೊಸ ಉಸಿರು: ಜೇಬಿನಲ್ಲಿ ಹಿಡಿಯುವ ಎರಡನೇ ವ್ಯವಸ್ಥೆ

ಕೊಲ್ಲಿ ನಾಡಿನ ನಮ್ಮ ಮನೆಗಳಲ್ಲಿ ಯಾವ ವಸ್ತುವೂ ಅಷ್ಟು ಬೇಗ ಕಸದ ಬುಟ್ಟಿ ಸೇರುವುದಿಲ್ಲ. ಊರಿಗೆ ಹೋಗುವಾಗ ಯಾರಿಗಾದರೂ ಆದೀತು ಎಂದು ಎತ್ತಿಡುವುದು ನಮ್ಮ ರೂಢಿ. ಹಳೆಯ ಫೋನು, ಚಕ್ರ ಮುರಿದ ಸೂಟ್‌ಕೇಸು, ಮಕ್ಕಳಿಗೆ ಗಿಡ್ಡವಾದ ಸಮವಸ್ತ್ರಗಳ ಜೊತೆಗೆ ಈಗ ಬಹುತೇಕ ಪ್ರತಿ ಮನೆಯ ಕಪಾಟಿನಲ್ಲೂ ಒಂದು ಹಳೆಯ ಲ್ಯಾಪ್‌ಟಾಪ್ ಮಲಗಿದೆ.

ಅದು ಮನೆಗೆ ಬಂದ ಕಾಲವನ್ನು ನಾವು ಮರೆತಿಲ್ಲ. 2020ರ ಮಾರ್ಚ್ 22ರಿಂದ ಯುಎಇಯ ಶಾಲೆಗಳು ದೂರಶಿಕ್ಷಣಕ್ಕೆ ಹೊರಳಿದಾಗ ಎರಡು ಮಕ್ಕಳಿದ್ದ ಮನೆಗೆ ಒಂದು ಕಂಪ್ಯೂಟರ್ ಸಾಲದಾಯಿತು. ಸಂಬಳ ಕಡಿತದ ಆ ದಿನಗಳಲ್ಲಿ ಹೊಸದು ಕೊಳ್ಳಲಾಗದೆ ನಮ್ಮಲ್ಲಿ ಅನೇಕರು ಬಳಸಿದ ಲ್ಯಾಪ್‌ಟಾಪ್ ಕೊಂಡರು. ಅವು 2015, 2016ರ ಯಂತ್ರಗಳು. ಅವುಗಳಲ್ಲಿದ್ದದ್ದು ವಿಂಡೋಸ್ 10. ಆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಯನ್ನು ಪ್ರಕಟಿಸಿತಾದರೂ ಅದು ತಾತ್ಕಾಲಿಕ ಪರಿಹಾರವಷ್ಟೇ.

ವಿಂಡೋಸ್ 11ಕ್ಕೆ ಏರೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಇಂಟೆಲ್‌ನ 8ನೇ ಪೀಳಿಗೆಗಿಂತ ಹಳೆಯ ಪ್ರೊಸೆಸರ್‌ಗಳು ಬಹುಪಾಲು ಅದರ ಪಟ್ಟಿಯಲ್ಲಿಲ್ಲ. ನಿಮ್ಮದು ಯಾವುದೆಂದು ತಿಳಿಯುವುದು ಸುಲಭ. ಐ5-7200 ಎಂದಿದ್ದರೆ 7ನೇ ಪೀಳಿಗೆ, ಐ5-8250 ಎಂದಿದ್ದರೆ 8ನೆಯದು. ಕೀಲಿ, ಪರದೆ, ಬ್ಯಾಟರಿ ಎಲ್ಲ ಸರಿಯಿದ್ದೂ ಒಂದು ಅಂಕಿಯಿಂದಾಗಿ ಯಂತ್ರ ಮೂಲೆ ಸೇರುತ್ತಿದೆ.

ಇದಕ್ಕೊಂದು ದಾರಿಯಿದೆ. ನಾವು ಕೆಲವು ಗೆಳೆಯರು, ದುಬೈಯಲ್ಲಿ ಕೆಲವರು, ಅಬುಧಾಬಿಯಲ್ಲಿ ಕೆಲವರು, ವಾರಾಂತ್ಯಗಳಲ್ಲಿ ಇಂಥ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಹಾಕಿಕೊಡುತ್ತಾ ಬಂದಿದ್ದೇವೆ. ಒಳಗಿನ ಡಿಸ್ಕನ್ನು ಮುಟ್ಟದೆ, ಹೊರಗಿನ ಪುಟ್ಟ ಡ್ರೈವ್‌ನಲ್ಲಿ ಅದನ್ನು ಹಾಕುವ ಕ್ರಮವನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಪಾರ್ಟಿಷನ್ ಬೇಡ, ಬೇರೆ ಮನೆಯೇ ಇರಲಿ

ಪಾರ್ಟಿಷನ್ ಎಂಬ ಪದವನ್ನು ದುಬೈ ಕನ್ನಡಿಗರಿಗೆ ಯಾರೂ ವಿವರಿಸಬೇಕಿಲ್ಲ. ಕರಾಮಾ, ದೇರಾ, ಸತ್ವಾಗಳಲ್ಲಿ ಒಂದೇ ಕೋಣೆಯನ್ನು ಹಲಗೆಯಿಂದ ಎರಡು ಮಾಡಿ ಬದುಕಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಒಂದೇ ಡಿಸ್ಕಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಡುವುದು ಹಾಗೆಯೇ. ಇರಬಹುದು, ಆದರೆ ಜಾಗಕ್ಕೆ ಜಗಳ. ಒಬ್ಬರು ಗೋಡೆ ಸರಿಸಿದರೆ ಇನ್ನೊಬ್ಬರ ಸಾಮಾನಿಗೆ ಅಪಾಯ.

ಹೊರಗಿನ ಡ್ರೈವ್ ಬೇರೆಯೇ ಮನೆ ಇದ್ದಂತೆ. ಅದನ್ನು ಚುಚ್ಚಿ ಲ್ಯಾಪ್‌ಟಾಪ್ ಆನ್ ಮಾಡಿದರೆ ಲಿನಕ್ಸ್, ತೆಗೆದು ಆನ್ ಮಾಡಿದರೆ ಮೊದಲಿನ ವಿಂಡೋಸ್. ಹತ್ತು ವರ್ಷದ ಫೋಟೊಗಳು, ಮದುವೆಯ ವಿಡಿಯೊ, ವೀಸಾ ಮತ್ತು ಪಾಸ್‌ಪೋರ್ಟ್ ಪ್ರತಿಗಳು ಒಳಗಿನ ಡಿಸ್ಕಿನಲ್ಲಿ ಇದ್ದಲ್ಲೇ ಇರುತ್ತವೆ. ಹಿಡಿಸದಿದ್ದರೆ ಡ್ರೈವನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಬಹುದು.

ಇದಕ್ಕೆ ವಿಂಡೋಸನ್ನೇ ಏಕೆ ಬಳಸಬಾರದು ಎಂದು ಕೇಳುವವರಿದ್ದಾರೆ. ವಿಂಡೋಸ್ ತನ್ನ ಸಾಮಾನ್ಯ ಇನ್‌ಸ್ಟಾಲರ್ ಮೂಲಕ ಯುಎಸ್‌ಬಿ ಡ್ರೈವ್‌ಗೆ ಇಳಿಯಲು ಒಪ್ಪುವುದಿಲ್ಲ. ಅದಕ್ಕಾಗಿಯೇ ಇದ್ದ ವಿಂಡೋಸ್ ಟು ಗೋ ಎಂಬ ಸೌಲಭ್ಯವನ್ನು ಮೈಕ್ರೋಸಾಫ್ಟ್ 2020ರಲ್ಲಿ ಕೈಬಿಟ್ಟಿತು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್‌ಗೆ ಅಂಥ ಮಡಿವಂತಿಕೆ ಇಲ್ಲ. ಅದರ ಉಬುಂಟು, ಮಿಂಟ್ ಮುಂತಾದ ರೂಪಗಳು ಉಚಿತವಾಗಿ ಸಿಗುತ್ತವೆ. ಉಬುಂಟುವಿನ 24.04 ಆವೃತ್ತಿ 2024ರ ಏಪ್ರಿಲ್‌ನಲ್ಲಿ ಬಂತು. ಅದಕ್ಕೆ ಐದು ವರ್ಷಗಳ ಬೆಂಬಲವಿದೆ.

ಬೇಕಾದ ಸಾಮಾನು

ಎರಡೇ ವಸ್ತು. ಒಂದು, ಇನ್‌ಸ್ಟಾಲರ್ ತುಂಬಲು ಕನಿಷ್ಠ 8 ಜಿಬಿಯ ಪೆನ್‌ಡ್ರೈವ್. ಇನ್ನೊಂದು, ಲಿನಕ್ಸ್ ನೆಲೆಸಲು ಯುಎಸ್‌ಬಿ 3ರ ಹೊರಗಿನ ಎಸ್‌ಎಸ್‌ಡಿ. 120 ಜಿಬಿ ಸಾಕು, 240 ಇದ್ದರೆ ಧಾರಾಳ. ಪೆನ್‌ಡ್ರೈವ್‌ನಲ್ಲೇ ಶಾಶ್ವತವಾಗಿ ನಡೆಸಲು ಹೋಗಬೇಡಿ. ನಿಧಾನ, ಮೇಲಾಗಿ ಬೇಗ ಸವೆಯುತ್ತದೆ. ಬರ್‌ದುಬೈಯ ಖಾಲಿದ್ ಬಿನ್ ವಲೀದ್ ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಾಗಲಿ, ಅಬುಧಾಬಿಯ ಹಮ್ದಾನ್ ರಸ್ತೆಯ ಆಸುಪಾಸಿನಲ್ಲಾಗಲಿ ಇವು ಸಿಗುತ್ತವೆ. ಖರ್ಚು ಹೊಸ ಲ್ಯಾಪ್‌ಟಾಪಿನ ಬೆಲೆಯ ಸಣ್ಣ ಪಾಲು.

ಕೊಳ್ಳುವಾಗ ಒಂದು ಕಿವಿಮಾತು. ಒಳಗಿನ ಡಿಸ್ಕಿಗಿಂತ ಬೇರೆ ಗಾತ್ರದ ಡ್ರೈವ್ ಕೊಳ್ಳಿ. ಒಳಗಿರುವುದು 500 ಜಿಬಿ ಆದರೆ ಹೊರಗಿನದು 240 ಇರಲಿ. ಕಾರಣ ಮುಂದೆ ತಿಳಿಯುತ್ತದೆ.

ಕೆಲಸದ ಕ್ರಮ

ಮೊದಲು ಫೋಟೊ ಮತ್ತು ದಾಖಲೆಗಳ ಇನ್ನೊಂದು ಪ್ರತಿಯನ್ನು ಬೇರೆಡೆ ಮಾಡಿಡಿ. ಒಳಗಿನ ಡಿಸ್ಕನ್ನು ಮುಟ್ಟುವುದಿಲ್ಲ ನಿಜ, ಆದರೂ ಪ್ರತಿ ಇಲ್ಲದೆ ಯಾವ ಕಂಪ್ಯೂಟರ್ ಕೆಲಸಕ್ಕೂ ಕೈ ಹಾಕಬಾರದು.

ಎರಡನೆಯದು ಬಿಟ್‌ಲಾಕರ್. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ತನ್ನ ಡಿಸ್ಕನ್ನು ತಾನೇ ಗುಪ್ತಲಿಪಿಯಲ್ಲಿ ಬೀಗ ಹಾಕಿರುತ್ತದೆ. ನಾವು ಬೂಟ್ ಸೆಟ್ಟಿಂಗ್ ಬದಲಿಸಿದರೆ ಅದು ಅನುಮಾನಪಟ್ಟು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಮೊದಲೇ ನೋಡಿ, ಕಾಗದದ ಮೇಲೆ ಬರೆದಿಡಿ. ಆ ಕೀ ಇಲ್ಲದಿದ್ದರೆ ಬೀಗ ತೆರೆಯಲು ಯಾವ ಅಂಗಡಿಯವನಿಂದಲೂ ಆಗದು.

ಮೂರನೆಯದಾಗಿ, ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಯ್ಕೆಯನ್ನು ತೆಗೆದುಹಾಕಿ. ಅದು ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಅರೆನಿದ್ದೆಯಲ್ಲಿರುತ್ತದೆ. ಆಗ ಲಿನಕ್ಸ್‌ನಿಂದ ಆ ಕಡತಗಳನ್ನು ಓದಬಹುದೇ ಹೊರತು ತಿದ್ದಲು ಬಾರದು.

ಈಗ ಉಬುಂಟು ಅಥವಾ ಮಿಂಟ್ ಕಡತವನ್ನು ಇಳಿಸಿಕೊಂಡು, ರೂಫಸ್ ಇಲ್ಲವೇ ಎಚರ್ ಎಂಬ ಉಚಿತ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್ ಚುಚ್ಚಿ ಲ್ಯಾಪ್‌ಟಾಪ್ ಆನ್ ಮಾಡುವಾಗ ಬೂಟ್ ಮೆನು ಕೀಲಿ ಒತ್ತಿ. ಸಾಮಾನ್ಯವಾಗಿ ಡೆಲ್ ಮತ್ತು ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್.

ತೆರೆದುಕೊಂಡ ತಕ್ಷಣ ಇನ್‌ಸ್ಟಾಲ್ ಮಾಡಲು ಆತುರಪಡಬೇಡಿ. ಪೆನ್‌ಡ್ರೈವ್‌ನಿಂದಲೇ ಸ್ವಲ್ಪ ಹೊತ್ತು ಬಳಸಿ ನೋಡುವ ಅವಕಾಶವಿದೆ. ವೈಫೈ ಹಿಡಿಯುತ್ತದೆಯೇ, ಧ್ವನಿ ಬರುತ್ತದೆಯೇ, ಕ್ಯಾಮೆರಾ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಿ. ಬೆರಳಚ್ಚು ಓದುವ ಗುಂಡಿಯಂಥವು ಕೆಲವು ಯಂತ್ರಗಳಲ್ಲಿ ಕೆಲಸ ಮಾಡದಿರಬಹುದು. ಇನ್ನು ಆಪಲ್‌ನ ಎಂ ಸರಣಿಯ ಮ್ಯಾಕ್‌ಗಳಿಗೆ ಈ ಕ್ರಮ ಹೊಂದುವುದಿಲ್ಲ.

ಎಚ್ಚರ ತಪ್ಪಬಾರದ ಎರಡು ಘಳಿಗೆ

ಇಡೀ ಕೆಲಸದಲ್ಲಿ ನಿಜವಾದ ಅಪಾಯವಿರುವುದು ಎರಡು ಕಡೆ. ಮೊದಲನೆಯದು, ಯಾವ ಡಿಸ್ಕಿಗೆ ಹಾಕಬೇಕು ಎಂದು ಇನ್‌ಸ್ಟಾಲರ್ ಕೇಳುವ ಘಳಿಗೆ. ಆರಿಸಿದ ಡಿಸ್ಕ್ ಅಳಿಸಿಹೋಗುತ್ತದೆ. ಅಲ್ಲಿ ಕಾಣುವ ಸಂಕೇತನಾಮಗಳು ಗೊಂದಲ ಹುಟ್ಟಿಸುತ್ತವೆ. ಗಾತ್ರ ನೋಡಿದರೆ ಗೊಂದಲವಿಲ್ಲ. ಬೇರೆ ಗಾತ್ರದ್ದನ್ನೇ ಕೊಳ್ಳಿ ಎಂದು ಹೇಳಿದ್ದು ಇದಕ್ಕಾಗಿಯೇ. 240 ಕಂಡರೆ ಮಾತ್ರ ಮುಂದುವರಿಯಿರಿ.

ಎರಡನೆಯದು ಬೂಟ್‌ಲೋಡರ್. ಇದು ಕಟ್ಟಡದ ವಾಚ್‌ಮನ್ ಇದ್ದಂತೆ. ಬಂದವರನ್ನು ಯಾವ ಫ್ಲ್ಯಾಟಿಗೆ ಕಳುಹಿಸಬೇಕು ಎಂದು ಹೇಳುವವನು. ಲಿನಕ್ಸ್‌ನ ವಾಚ್‌ಮನ್ ಹೊರಗಿನ ಡ್ರೈವ್‌ನಲ್ಲೇ ಕೂರಬೇಕು. ಆದರೆ ಕೆಲವು ಇನ್‌ಸ್ಟಾಲರ್‌ಗಳು ನಾವು ಹೊರಗಿನ ಡ್ರೈವ್ ಆರಿಸಿದರೂ ಅವನನ್ನು ಒಳಗಿನ ಡಿಸ್ಕಿನ ಬಾಗಿಲಲ್ಲೇ ಕೂರಿಸುತ್ತವೆ. ಆಮೇಲೆ ಡ್ರೈವ್ ತೆಗೆದು ಲ್ಯಾಪ್‌ಟಾಪ್ ಆನ್ ಮಾಡಿದರೆ ಕಪ್ಪು ಪರದೆಯಲ್ಲಿ ಗ್ರಬ್ ಎಂಬ ಒಂದೇ ಪದ ಕಾಣುತ್ತದೆ. ವಿಂಡೋಸ್ ಹೋಯಿತೆಂದು ಮನೆಮಂದಿಯೆಲ್ಲ ಗಾಬರಿಯಾಗುವುದು ಆಗಲೇ. ಅದು ಎಲ್ಲೂ ಹೋಗಿರುವುದಿಲ್ಲ. ಬೂಟ್ ಮೆನುವಿನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿದರೆ ಎಂದಿನಂತೆ ತೆರೆದುಕೊಳ್ಳುತ್ತದೆ.

ಈ ತೊಂದರೆಯೇ ಬೇಡವೆಂದರೆ, ಇನ್‌ಸ್ಟಾಲ್ ಮಾಡುವಷ್ಟು ಹೊತ್ತು ಒಳಗಿನ ಡಿಸ್ಕನ್ನು ಕಣ್ಣಿಗೆ ಕಾಣದಂತೆ ಮಾಡುವುದು ಒಳ್ಳೆಯದು. ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ ಅದನ್ನು ನಿಷ್ಕ್ರಿಯಗೊಳಿಸುವ ಆಯ್ಕೆಯಿದೆ. ಇಲ್ಲದಿದ್ದರೆ ತಿಳಿದವರ ಕೈಯಲ್ಲಿ ಹಿಂಬದಿಯ ಮುಚ್ಚಳ ತೆಗೆಸಿ ಡಿಸ್ಕನ್ನು ಬಿಡಿಸಿಡಬಹುದು. ಆಗ ಇನ್‌ಸ್ಟಾಲರ್‌ಗೆ ಕಾಣುವುದು ಹೊರಗಿನ ಡ್ರೈವ್ ಒಂದೇ. ತಪ್ಪಲು ದಾರಿಯೇ ಇಲ್ಲ. ಎರಡೂ ಎಚ್ಚರಿಕೆಗಳಿಗೆ ಇದು ಒಂದೇ ಮದ್ದು.

ಇನ್‌ಸ್ಟಾಲ್ ಮಾಡುವಾಗ ಡ್ರೈವನ್ನು ಗುಪ್ತಪದದಿಂದ ಬೀಗ ಹಾಕುವ ಆಯ್ಕೆಯೂ ಇರುತ್ತದೆ. ಹಾಕಿಕೊಳ್ಳಿ. ಜೇಬಿನಲ್ಲಿ ಹೋಗುವ ವಸ್ತು ಟ್ಯಾಕ್ಸಿಯಲ್ಲೋ ವಿಮಾನ ನಿಲ್ದಾಣದಲ್ಲೋ ಬಿದ್ದುಹೋದರೆ ಒಳಗಿರುವುದು ಪರರ ಪಾಲಾಗಬಾರದು. ಹಾಗೆಯೇ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಅದನ್ನು ಬಿಟ್ಟು ಹೋಗಬೇಡಿ.

ನಾಲ್ಕು ಗಂಟೆ ಎಲ್ಲಿ ಹೋಯಿತು?

ಕೆಲಸ ಮುಗಿದ ಮೇಲೆ ಹಲವರು ಕೇಳುವ ಪ್ರಶ್ನೆಯಿದು. ಲಿನಕ್ಸ್ ಬಳಸಿ ಮತ್ತೆ ವಿಂಡೋಸ್ ತೆರೆದರೆ ಮಧ್ಯಾಹ್ನ 2 ಗಂಟೆಗೆ ಗಡಿಯಾರ ಬೆಳಿಗ್ಗೆ 10 ತೋರಿಸಬಹುದು. ಯಂತ್ರ ಕೆಟ್ಟಿಲ್ಲ. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಜಾಗತಿಕ ಸಮಯದಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ಯುಎಇ ಸಮಯ ಜಾಗತಿಕ ಸಮಯಕ್ಕಿಂತ 4 ಗಂಟೆ ಮುಂದಿರುವುದರಿಂದ ಅಷ್ಟೇ ವ್ಯತ್ಯಾಸ. ಊರಿನಲ್ಲಾದರೆ ಐದೂವರೆ ಗಂಟೆ. ವಿಂಡೋಸ್‌ನಲ್ಲಿ ಸಮಯವನ್ನು ಇಂಟರ್ನೆಟ್‌ನಿಂದ ಸರಿಪಡಿಸಿಕೊಂಡರೆ ಅಂದಿಗೆ ಸರಿಹೋಗುತ್ತದೆ. ಶಾಶ್ವತವಾಗಿ ಸರಿಯಾಗಬೇಕೆಂದರೆ ಸ್ಥಳೀಯ ಸಮಯ ಬಳಸುವಂತೆ ಲಿನಕ್ಸ್‌ಗೆ ಹೇಳಿದರಾಯಿತು.

ಕನ್ನಡ ಮತ್ತು ಮಕ್ಕಳ ಓದು

ಕೀಬೋರ್ಡ್ ಸೆಟ್ಟಿಂಗ್‌ಗೆ ಹೋಗಿ ಕನ್ನಡವನ್ನು ಸೇರಿಸಿದರೆ ಸಾಕು, ಟೈಪಿಂಗ್ ಸಿದ್ಧ. ಇನ್‌ಸ್ಕ್ರಿಪ್ಟ್ ಇದೆ. ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತ ಕಗಪ ವಿನ್ಯಾಸವೂ ಇದೆ. ಆದರೆ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಕಡತಗಳನ್ನು ಇಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಸಂಘ ಸಂಸ್ಥೆಗಳ ಹಳೆಯ ಸಂಚಿಕೆಗಳ ಕಡತ ಯಾರ ಬಳಿಯಾದರೂ ಇದ್ದರೆ, ಅವನ್ನು ತೆರೆಯಬಲ್ಲ ವಿಂಡೋಸ್ ಇನ್ನೂ ನಡೆಯುತ್ತಿರುವಾಗಲೇ ಬದಲಿಸಿಟ್ಟುಕೊಳ್ಳುವುದು ಲೇಸು.

ಮಕ್ಕಳ ಓದಿಗೆ ಬೇಕಾದ ಸ್ಕ್ರ್ಯಾಚ್, ಪೈಥಾನ್, ಜಿಯೋಜೀಬ್ರಾ, ಲಿಬ್ರೆಆಫೀಸ್ ಎಲ್ಲವೂ ಲಿನಕ್ಸ್‌ನಲ್ಲಿವೆ. ತರಗತಿಗೆ ಝೂಮ್ ಇದೆ, ಟೀಮ್ಸ್ ಬ್ರೌಸರ್‌ನಲ್ಲೇ ನಡೆಯುತ್ತದೆ. ಇದು ಪರೀಕ್ಷೆಗಾಗದ ವಿದ್ಯೆ ಎಂದು ಯಾರಾದರೂ ಅಂದರೆ ನಮ್ಮ ಕಾಸರಗೋಡಿನತ್ತ ಬೊಟ್ಟು ಮಾಡಿ. ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದೇ ಲಿನಕ್ಸ್‌ನಲ್ಲಿ. ಅಲ್ಲಿನ ಕೈಟ್ ಸಂಸ್ಥೆ ಶಾಲೆಗಳಿಗಾಗಿ ತನ್ನದೇ ಆವೃತ್ತಿ ಸಿದ್ಧಪಡಿಸಿದೆ. ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುವುದು ಇದರಲ್ಲೇ. ಇಲ್ಲಿಂದ ಊರಿಗೆ ಮರಳಿ ಅಲ್ಲಿನ ಶಾಲೆಗೆ ಸೇರುವ ಮಗುವಿಗೆ ಮೊದಲೇ ಪರಿಚಯವಿದ್ದರೆ ಒಂದು ಹೊಸತನದ ಭಯ ಕಡಿಮೆ.

ಯಾರಿಗೆ ಬೇಡ

ಸರ್ವರಿಗೂ ಇದು ಮದ್ದಲ್ಲ. ಲೆಕ್ಕಪತ್ರ ವಿಭಾಗದ ನಮ್ಮ ಬಂಧುಗಳಿಗೆ ಟ್ಯಾಲಿ ಬೇಕು, ಕಟ್ಟಡ ನಿರ್ಮಾಣದಲ್ಲಿರುವವರಿಗೆ ಆಟೊಕ್ಯಾಡ್ ಬೇಕು. ಇವೆರಡೂ ಲಿನಕ್ಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. ಅವರು ವಿಂಡೋಸನ್ನು ಆ ಕೆಲಸಕ್ಕಷ್ಟೇ ಇಟ್ಟುಕೊಂಡು ಬ್ಯಾಂಕು, ಇಮೇಲು ಮುಂತಾದ ಇಂಟರ್ನೆಟ್ ವ್ಯವಹಾರವನ್ನು ಹೊರಗಿನ ಡ್ರೈವ್‌ನಲ್ಲಿ ಮಾಡಬಹುದು. ಬೆಂಬಲ ನಿಂತ ವ್ಯವಸ್ಥೆಯಲ್ಲಿ ಬ್ಯಾಂಕ್ ಖಾತೆ ತೆರೆಯುವುದೇ ದೊಡ್ಡ ಅಪಾಯವಾದ್ದರಿಂದ ಅಷ್ಟು ಮಾಡಿದರೂ ಲಾಭವೇ.

ಕಂಪನಿ ಕೊಟ್ಟ ಲ್ಯಾಪ್‌ಟಾಪಿಗೆ ಮಾತ್ರ ಈ ಪ್ರಯೋಗ ಬೇಡವೇ ಬೇಡ. ಹೊರಗಿನ ಡ್ರೈವ್‌ನಿಂದ ಅದನ್ನು ತೆರೆಯುವುದು ಸಂಸ್ಥೆಯ ಭದ್ರತೆಯನ್ನು ಬದಿಗೊತ್ತಿದಂತೆ. ಅನುಮತಿಯಿಲ್ಲದೆ ಪರರ ಕಂಪ್ಯೂಟರ್ ವ್ಯವಸ್ಥೆಯೊಳಗೆ ನುಗ್ಗುವುದು ಈ ದೇಶದ 2021ರ ಸೈಬರ್ ಅಪರಾಧ ಕಾನೂನಿನಡಿ ಶಿಕ್ಷಾರ್ಹ. ಹೊಟ್ಟೆಪಾಡಿಗೆ ಬಂದ ನಾವು ಕೆಲಸವನ್ನು ಪಣಕ್ಕಿಡುವ ಕುತೂಹಲಕ್ಕೆ ಇಳಿಯಬಾರದು.

ಜುಲೈ, ಆಗಸ್ಟ್‌ನ ರಜೆಗೆ ಊರಿಗೆ ಹೊರಡುವಾಗ ಬ್ಯಾಗಿನ ತೂಕ ಗ್ರಾಂ ಲೆಕ್ಕದಲ್ಲಿ ನೋಡುತ್ತೇವೆ. ಲ್ಯಾಪ್‌ಟಾಪ್ ಇಲ್ಲೇ ಬಿಟ್ಟು ಡ್ರೈವ್ ಒಂದನ್ನೇ ಒಯ್ದರೂ ಆದೀತು. ಊರಿನ ಮನೆಯ ಹಳೆಯ ಕಂಪ್ಯೂಟರ್‌ಗೆ ಚುಚ್ಚಿದರೆ ಬಹಳಷ್ಟು ಸಲ ಅದೇ ಪರದೆ, ಅದೇ ಕಡತಗಳು ತೆರೆದುಕೊಳ್ಳುತ್ತವೆ. ಇನ್ನು ಕಪಾಟಿನ ಆ ಲ್ಯಾಪ್‌ಟಾಪನ್ನೇ ಅಪ್ಪ ಅಮ್ಮನಿಗೆ ಕೊಡುವುದಾದರೆ ಡ್ರೈವ್ ಸಮೇತ ಕೊಡಿ. ಅವರು ವಿಡಿಯೊ ಕರೆ ಮಾಡಿ ಮೊಮ್ಮಕ್ಕಳನ್ನು ನೋಡಲು, ಕನ್ನಡ ಪತ್ರಿಕೆ ಓದಲು ಆ ಹತ್ತು ವರ್ಷದ ಯಂತ್ರ ಇನ್ನೂ ಹಲವು ವರ್ಷ ಸಾಕು. ಮುಂದಿನ ಶನಿವಾರ ಅದನ್ನು ಕೆಳಗಿಳಿಸಿ, ಧೂಳು ಒರೆಸಿ, ಚಾರ್ಜಿಗೆ ಹಾಕಿ ನೋಡಿ.