ರಾಯಚೂರು ಸೀಮೆಯ ಮಕ್ಕಳೂ ಯುರೋಪಿನ ಭಾಷೆಗಳೂ

ಪದವಿಪೂರ್ವ ತರಗತಿಯ ವಿದ್ಯಾರ್ಥಿಯು ಆರಿಸಿಕೊಳ್ಳಬಹುದಾದ ಭಾಷೆಗಳಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ, ಉರ್ದು, ಸಂಸ್ಕೃತಾದಿಗಳೊಡನೆ ಫ್ರೆಂಚ್ ಭಾಷೆಗೂ ಸ್ಥಾನವುಂಟೆಂಬ ಸಂಗತಿಯು ಮಾನ್ವಿ, ದೇವದುರ್ಗಗಳ ಅನೇಕ ತಂದೆತಾಯಿಗಳಿಗೆ ನೂತನವೆನಿಸೀತು.

ಆದರೆ ಈ ನೆಲಕ್ಕೂ ಯುರೋಪಿನ ನುಡಿಗಳಿಗೂ ಇರುವ ಸಂಬಂಧವು ಪ್ರಾಚೀನವಾದುದು. 1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಮುತ್ತಿದಾಗ ಪೋರ್ಚುಗೀಸ್ ಬಂದೂಕುಗಾರರು ಅವನಿಗೆ ನೆರವಾದರು. ಆ ಮಹಾಸಂಗ್ರಾಮವನ್ನು ಸವಿಸ್ತಾರವಾಗಿ ಬರೆದಿರಿಸಿದವನು ಅದೇ ದೇಶದ ಕುದುರೆ ವ್ಯಾಪಾರಿ ನ್ಯೂನಿಜ್. ಪ್ಯಾರಿಸ್ಸಿನ ಗ್ರಂಥಭಂಡಾರದಲ್ಲಿದ್ದ ಆ ಪೋರ್ಚುಗೀಸ್ ಹಸ್ತಪ್ರತಿಯು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಗಿ, 1900ರಲ್ಲಿ ರಾಬರ್ಟ್ ಸೂಯೆಲರ ಇಂಗ್ಲಿಷಿನ ಮೂಲಕ ನಮ್ಮ ಕೈಸೇರಿತು. ತನ್ನ ಊರಿನ ಈ ಚರಿತ್ರೆಯನ್ನು ಮೂಲದಲ್ಲಿಯೇ ಓದಬಲ್ಲ ರಾಯಚೂರಿನ ತರುಣನೊಬ್ಬನನ್ನು ಕಾಣಬೇಕೆಂಬುದು ನನ್ನ ಬಹುಕಾಲದ ಹಂಬಲ.

ಯುರೋಪಿನ ನುಡಿಗಳ ಕಲಿಕೆಯು ಸುಲಭವಲ್ಲ, ನಿಜ. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗವೆಂಬ ಫ್ರೆಂಚ್ ಕ್ರಮವು, ಜಡವಸ್ತುಗಳನ್ನೆಲ್ಲ ನಪುಂಸಕಲಿಂಗದಲ್ಲಿಯೇ ಇರಿಸುವ ಕನ್ನಡಿಗನಿಗೆ ವಿಚಿತ್ರವಾಗಿ ತೋರುವುದು. ಜಡವಸ್ತುಗಳಿಗೂ ಹೀಗೆಯೇ ಲಿಂಗಭೇದವುಳ್ಳ ಉರ್ದುವನ್ನು ಬಾಲ್ಯದಿಂದಲೇ ಕೇಳಿ ಬೆಳೆದ ನಮ್ಮ ಹುಡುಗಿಗಾದರೋ ಅದರಲ್ಲಿ ಬೆರಗೇನೂ ಇರದು. ಬಹುಭಾಷೆಗಳ ಈ ಸಹಜ ಸಂಪತ್ತು ಫ್ರೆಂಚ್, ಜರ್ಮನ್ ಕಲಿಸುವ ಬೆಂಗಳೂರಿನ ಅಲಿಯಾನ್ಸ್ ಫ್ರಾಂಸೇಸ್, ಮ್ಯಾಕ್ಸ್‌ಮುಲ್ಲರ್ ಭವನಗಳವರೆಗೆ ಹೋಗಲಾರದ ಮಕ್ಕಳಲ್ಲಿಯೂ ಇದೆ. ಜಿಲ್ಲಾಕೇಂದ್ರದ ಸರ್ಕಾರಿ ಕಾಲೇಜೊಂದರಲ್ಲಿ ಸಮರ್ಥರಾದ ಒಬ್ಬ ಫ್ರೆಂಚ್ ಅಧ್ಯಾಪಕರನ್ನು ನೇಮಿಸಿ, ದೇವದುರ್ಗ, ಮಾನ್ವಿಗಳಿಂದ ಬರುವವರಿಗೆ ಬಸ್ಸಿನ ವೇಳೆಗೆ ಹೊಂದುವಂತೆ ಪಾಠವಿಟ್ಟರೆ ಕಾರ್ಯವು ಆರಂಭವಾಗಬಲ್ಲುದು.