ಮನೆಗೊಂದು ಕಣಜ

ಬೆಳೆಯುವುದು ಒಂದು ವಿದ್ಯೆ. ಬೆಳೆದುದನ್ನು ಉಳಿಸಿಕೊಳ್ಳುವುದು ಇನ್ನೊಂದು ವಿದ್ಯೆ. ಮೊದಲನೆಯದಕ್ಕೆ ಮಳೆ, ಮಣ್ಣು, ಬೀಜಗಳ ನೆರವು ಬೇಕು. ಎರಡನೆಯದಕ್ಕೆ ಮನುಷ್ಯನ ಬುದ್ಧಿ ಮತ್ತು ಕೈಗಳೇ ಆಸರೆ. ಒಕ್ಕಣೆ ಮುಗಿದು ರಾಶಿ ಎದ್ದ ದಿನ ರೈತನ ಮನೆಯಲ್ಲಿ ಹಬ್ಬ. ಆದರೆ ಆ ರಾಶಿಯನ್ನು ಮುಂದಿನ ಒಕ್ಕಣೆಯವರೆಗೆ ಕಾಪಾಡಲು ಮನೆಯಲ್ಲಿ ತಕ್ಕ ಸ್ಥಳವಿಲ್ಲದಿದ್ದರೆ ಹಬ್ಬದ ಸಂತೋಷ ಬಹುಕಾಲ ಉಳಿಯದು.

ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಸೀಮೆ ಈ ಮಾತಿಗೆ ಒಳ್ಳೆಯ ನಿದರ್ಶನ. ಪಶ್ಚಿಮಕ್ಕೂ ದಕ್ಷಿಣಕ್ಕೂ ಎತ್ತರದ ಬೆಟ್ಟಸಾಲುಗಳಿರುವುದರಿಂದ ಇದು ಮಳೆಯ ನೆರಳಿನ ನಾಡು. ಇಲ್ಲಿಯ ಕೆಂಪು ಮತ್ತು ಕಪ್ಪು ನೆಲಗಳಲ್ಲಿ ರಾಗಿ, ಜೋಳ, ಹುರುಳಿ, ಅವರೆಗಳು ಮಳೆಯನ್ನು ನಂಬಿ ಬೆಳೆಯುತ್ತವೆ. ನೀರಿನ ಅನುಕೂಲವಿದ್ದಲ್ಲಿ ಅರಿಸಿನ, ಬಾಳೆ, ಈರುಳ್ಳಿ, ತರಕಾರಿಗಳು ಬೆಳೆಯುತ್ತವೆ. ಗುಂಡ್ಲುಪೇಟೆಯಿಂದ ಒಂದು ದಾರಿ ಊಟಿಗೂ ಇನ್ನೊಂದು ವಯನಾಡಿಗೂ ಹೋಗುತ್ತದೆ. ಬೆಳೆದ ಪದಾರ್ಥ ಎರಡು ನೆರೆರಾಜ್ಯಗಳ ಪೇಟೆಗಳನ್ನು ಸೇರುತ್ತದೆ. ಆದರೆ ಎಲ್ಲರ ಕಣದಲ್ಲಿಯೂ ಒಮ್ಮೆಲೇ ರಾಶಿ ಬಿದ್ದಾಗ ಪೇಟೆಯಲ್ಲಿ ಬೆಲೆ ಇಳಿಯುವುದು ಸಹಜ. ಇಡಲು ಜಾಗವಿಲ್ಲದವನು ಆ ಇಳಿದ ಬೆಲೆಗೇ ಮಾರಬೇಕಾಗುತ್ತದೆ. ಕೆಲವು ತಿಂಗಳು ಕಳೆದ ಮೇಲೆ, ತಾನು ಮಾರಿದ ರಾಗಿಯನ್ನೇ ಹೆಚ್ಚು ಬೆಲೆ ಕೊಟ್ಟು ಕೊಳ್ಳುವ ಪ್ರಸಂಗವೂ ಒದಗಬಹುದು. ಹೀಗೆ ನೋಡಿದರೆ ಮನೆಯ ಮೂಲೆಯ ಒಂದು ಮರದ ಪೆಟ್ಟಿಗೆ ಕೇವಲ ಪೆಟ್ಟಿಗೆಯಲ್ಲ. ಯಾವಾಗ ಮಾರಬೇಕು, ಎಷ್ಟು ಉಳಿಸಿಕೊಳ್ಳಬೇಕು ಎಂಬುದನ್ನು ತಾನೇ ನಿರ್ಧರಿಸುವ ಸ್ವಾತಂತ್ರ್ಯ ಅದರೊಳಗಿದೆ.

ಹಿಂದಿನವರು ಇದನ್ನು ಚೆನ್ನಾಗಿ ಅರಿತಿದ್ದರು. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ರಾಗಿಯನ್ನು ಹಗೇವಿನಲ್ಲಿ ತುಂಬುತ್ತಿದ್ದರು. ಹಗೇವು ಎಂದರೆ ಗಟ್ಟಿಯಾದ ಒಣನೆಲದಲ್ಲಿ ತೋಡಿದ ಧಾನ್ಯದ ಗುಳಿ. ಅದರ ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯನ್ನು ಕಲ್ಲು ಮಣ್ಣುಗಳಿಂದ ಮುಚ್ಚಿಬಿಟ್ಟರೆ ವರ್ಷಗಳು ಕಳೆದರೂ ರಾಗಿ ಕೆಡುತ್ತಿರಲಿಲ್ಲ. ಧಾನ್ಯವೂ ಉಸಿರಾಡುತ್ತದೆ. ಮುಚ್ಚಿದ ಗುಳಿಯಲ್ಲಿ ಅದು ಆಮ್ಲಜನಕವನ್ನು ಹೀರಿ ಇಂಗಾಲದ ಡೈಆಕ್ಸೈಡನ್ನು ಬಿಡುವುದರಿಂದ ಅಲ್ಲಿ ಹುಳುಗಳು ಬದುಕಲಾರವು. ಮನುಷ್ಯನೂ ಬದುಕಲಾರ. ಆದುದರಿಂದಲೇ ಹಗೇವನ್ನು ತೆರೆದೊಡನೆ ಯಾರೂ ಇಳಿಯುತ್ತಿರಲಿಲ್ಲ; ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯುತ್ತಿದ್ದರು. ಮನೆಯೊಳಗೆ ಬಳಸಲು ಬಿದಿರಿನ ಸೀಳುಗಳಿಂದ ಹೆಣೆದು, ಸಗಣಿ ಮತ್ತು ಕೆಮ್ಮಣ್ಣಿನಿಂದ ಸಾರಿಸಿದ ತೊಂಬೆಗಳಿದ್ದವು. ಅನುಕೂಲಸ್ಥರ ಮನೆಗಳಲ್ಲಿ ದಪ್ಪ ಹಲಗೆಯ ಮರದ ಕಣಜಗಳಿದ್ದವು. ಈಗ ಹಗೇವು ಬಹುಮಟ್ಟಿಗೆ ಮರೆಯಾಗಿದೆ. ತೊಂಬೆ ಹೆಣೆಯುವ ಕೈಗಳು ಕಡಿಮೆಯಾಗಿವೆ. ಆದರೆ ಕಣಜವನ್ನು ಸ್ವಂತ ಕೈಯಿಂದ ಮಾಡಿಕೊಳ್ಳುವುದು ಇಂದಿಗೂ ಸಾಧ್ಯ. ಅದಕ್ಕೆ ಗರಗಸ ಹಿಡಿಯುವ ಮೊದಲು ತಿಳಿಯಬೇಕಾದ ಸಂಗತಿಗಳು ಕೆಲವು ಉಂಟು.

ಮೊದಲನೆಯದು, ಧಾನ್ಯದ ವೈರಿಗಳು ಯಾರು ಎಂಬುದು. ತೇವ, ಹುಳು, ಇಲಿ ಎಂಬ ಮೂವರು ಅದರ ವೈರಿಗಳು. ಇವರಲ್ಲಿ ತೇವವೇ ಮೊದಲಿಗ. ಅದು ಬಂದಲ್ಲಿ ಬೂಷ್ಟು ಬರುತ್ತದೆ, ಹುಳು ಹೆಚ್ಚುತ್ತದೆ. ಜೋಳ ಅಕ್ಕಿಗಳಿಗೆ ಬೀಳುವ, ಸೊಂಡಿಲಿನಂತಹ ಮೂತಿಯುಳ್ಳ ಹುಳು ಕಾಳನ್ನು ಕೊರೆದು ಒಳಗೇ ಮೊಟ್ಟೆಯಿಡುತ್ತದೆ. ಬೆಚ್ಚನೆಯ ಹವೆಯಲ್ಲಿ ಸುಮಾರು ಒಂದು ತಿಂಗಳಿನಲ್ಲಿ ಹೊಸ ತಲೆಮಾರು ಹೊರಬರುತ್ತದೆ. ಅವರೆ, ಹುರುಳಿಗಳ ಹುಳುವಂತೂ ಅನೇಕ ವೇಳೆ ಹೊಲದಿಂದಲೇ ಕಾಳಿನ ಜೊತೆಗೆ ಬರುತ್ತದೆ. ರಾಗಿಯ ಕಾಳು ಬಹಳ ಸಣ್ಣದಾದುದರಿಂದ ಅದಕ್ಕೆ ಹುಳುವಿನ ಬಾಧೆ ಕಡಿಮೆ. ಆದುದರಿಂದ ತುಂಬುವ ಮೊದಲು ಧಾನ್ಯವನ್ನು ಚೆನ್ನಾಗಿ ಒಣಗಿಸಬೇಕು. ಒಣಗಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಸುಲಭವಾದ ಒಂದು ಉಪಾಯವಿದೆ. ಒಣಗಿದ ಗಾಜಿನ ಸೀಸೆಯೊಂದರಲ್ಲಿ ಮೂರನೆಯ ಒಂದು ಭಾಗದಷ್ಟು ಧಾನ್ಯ ಹಾಕಿ, ಹುರಿದು ಆರಿಸಿದ ಪುಡಿಯುಪ್ಪನ್ನು ಒಂದೆರಡು ಚಮಚದಷ್ಟು ಸೇರಿಸಿ, ಮುಚ್ಚಳ ಹಾಕಿ ಚೆನ್ನಾಗಿ ಅಲುಗಾಡಿಸಬೇಕು. ಕಾಲು ಗಂಟೆಯ ನಂತರ ಉಪ್ಪು ಸೀಸೆಯ ಗೋಡೆಗೆ ಅಂಟಿಕೊಂಡಿದ್ದರೆ ಧಾನ್ಯದಲ್ಲಿ ಶೇಕಡ 15ಕ್ಕಿಂತ ಹೆಚ್ಚು ತೇವವಿದೆಯೆಂದು ತಿಳಿಯಬೇಕು. ಅಂಟದಿದ್ದರೆ ಧಾನ್ಯ ಕಣಜಕ್ಕೆ ಯೋಗ್ಯವಾಗಿದೆ.

ಎರಡನೆಯದು, ಮರವನ್ನು ಎಲ್ಲಿಂದ ತರಬೇಕು ಎಂಬ ಪ್ರಶ್ನೆ. ಬಂಡೀಪುರ ಮತ್ತು ಬಿಳಿಗಿರಿರಂಗನ ಬೆಟ್ಟಗಳ ಕಾಡು ಈ ಸೀಮೆಯ ಅಂಚಿನಲ್ಲಿಯೇ ಇದ್ದರೂ ಅಲ್ಲಿಂದ ಮರ ತರುವಂತಿಲ್ಲ. ಬಂಡೀಪುರವು 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಬಿಳಿಗಿರಿರಂಗನ ಬೆಟ್ಟದ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಸ್ವಂತ ಹೊಲದ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಅನೇಕ ಜಾತಿಗಳನ್ನು ಕಡಿಯಲು ಅನುಮತಿ ಪಡೆಯಬೇಕು. ಸಿಲ್ವರ್ ಓಕ್, ಸರ್ವೆಯಂತಹ ಕೆಲವು ಮರಗಳಿಗೆ ವಿನಾಯಿತಿ ಇದೆ. ತೇಗ, ಹೊನ್ನೆ ಮರಗಳು ಉತ್ತಮವಾದರೂ ಬೆಲೆಯಲ್ಲಿ ಎತ್ತರ. ಕಣಜಕ್ಕೆ ಅವೇ ಬೇಕೆಂದಿಲ್ಲ. ಹಲಸು, ಬೇವುಗಳ ಹಲಗೆ ಸಾಕು. ಬೇವಿನ ಮರಕ್ಕೆ ಹುಳು ಬೀಳುವುದು ಕಡಿಮೆ. ಕೆಡವಿದ ಹಳೆಯ ಮನೆಯ ತೊಲೆ, ಬಾಗಿಲು, ಜಂತೆಗಳು ದೊರೆತರೆ ಇನ್ನೂ ಲೇಸು. ಹಲವು ವರ್ಷ ಬಿಸಿಲು ಗಾಳಿಗಳನ್ನು ಕಂಡ ಆ ಮರ ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ.

ಕುಗ್ಗುವುದು ಮರದ ಸ್ವಭಾವ. ಹಸಿಮರದಲ್ಲಿ ನೀರು ತುಂಬಿರುತ್ತದೆ. ನೀರು ಆರಿದಂತೆ ಹಲಗೆ ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ. ಉದ್ದದಲ್ಲಿ ಅದು ಬಹುಮಟ್ಟಿಗೆ ಹಾಗೆಯೇ ಉಳಿದು, ಅಗಲದಲ್ಲಿ ಕುಗ್ಗುತ್ತದೆ. ಇಪ್ಪತ್ತು ಸೆಂಟಿಮೀಟರು ಅಗಲದ ಹಲಗೆ ಶೇಕಡ 4ರಷ್ಟು ಕುಗ್ಗಿದರೆ ಎಂಟು ಮಿಲಿಮೀಟರು ಕಡಿಮೆಯಾಯಿತು. ಎರಡು ಹಲಗೆಗಳ ನಡುವೆ ಅಷ್ಟು ಸಂದು ಬಿಟ್ಟರೆ ರಾಗಿ ಸೋರುತ್ತದೆ, ಇಲಿಮರಿಯೂ ನುಸುಳುತ್ತದೆ. ಆದುದರಿಂದ ಕೊಯ್ಯಿಸಿದ ಹಲಗೆಗಳನ್ನು ನೆರಳಿನಲ್ಲಿ, ಒಂದರ ಮೇಲೊಂದು ಅಂಟದಂತೆ ನಡುನಡುವೆ ರೀಪುಗಳನ್ನಿಟ್ಟು, ಮೇಲೆ ಭಾರ ಹೇರಿ, ಕೆಲವು ತಿಂಗಳ ಕಾಲ ಒಣಗಿಸಬೇಕು. ಬಿಸಿಲಿಗೆ ಒಡ್ಡಿ ಅವಸರದಿಂದ ಒಣಗಿಸಿದರೆ ಹಲಗೆ ಸೀಳುತ್ತದೆ ಇಲ್ಲವೆ ಬಾಗುತ್ತದೆ.

ಇನ್ನು ಅಳತೆ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡೂವರೆ ಅಡಿ ಎತ್ತರದ ಪೆಟ್ಟಿಗೆಯ ಗಾತ್ರ ಇಪ್ಪತ್ತು ಘನ ಅಡಿ, ಅಂದರೆ ಸುಮಾರು 566 ಲೀಟರು. ಒಂದು ಲೀಟರು ರಾಗಿ ಸುಮಾರು ಮುಕ್ಕಾಲು ಕಿಲೋಗ್ರಾಂ ತೂಗುವುದರಿಂದ ಇದರಲ್ಲಿ ನಾಲ್ಕು ಕ್ವಿಂಟಲ್ ರಾಗಿ ಹಿಡಿಯುತ್ತದೆ. ಆರು ಮೈಗಳ ವಿಸ್ತೀರ್ಣ 46 ಚದರ ಅಡಿ. ಒಂದು ಅಂಗುಲ ದಪ್ಪದ ಹಲಗೆಯಾದರೆ ನಾಲ್ಕು ಘನ ಅಡಿಗೆ ತುಸು ಕಡಿಮೆ ಮರ ಬೇಕು. ಕಾಲು, ಪಟ್ಟಿಗಳು ಸೇರಿ ಐದು ಘನ ಅಡಿ ಎಂದಿಟ್ಟುಕೊಳ್ಳಬಹುದು. ನಾಲ್ಕು ಕ್ವಿಂಟಲ್ ಸಣ್ಣ ಭಾರವಲ್ಲ. ಧಾನ್ಯವು ಕೆಳಕ್ಕೆ ಮಾತ್ರವಲ್ಲದೆ ಪಕ್ಕಗಳಿಗೂ ಒತ್ತುತ್ತದೆ. ಆದುದರಿಂದ ತಳದ ಅಡಿಯಲ್ಲಿ ಮೂರು ಅಡ್ಡಪಟ್ಟಿಗಳೂ, ಉದ್ದದ ಪಕ್ಕಗಳ ನಡುವೆ ಒಂದೊಂದು ನಿಲುವುಪಟ್ಟಿಯೂ ಅಗತ್ಯ.

ಹಲಗೆಗಳನ್ನು ಕೀಸುಳಿಯಿಂದ ನಯಗೊಳಿಸಿ, ಒಂದರ ಅಂಚಿನಲ್ಲಿ ತೋಡು ತೆಗೆದು, ಇನ್ನೊಂದರ ಅಂಚಿನಲ್ಲಿ ನಾಲಗೆ ಬಿಟ್ಟು, ನಾಲಗೆ ತೋಡಿನಲ್ಲಿ ಕೂರುವಂತೆ ಜೋಡಿಸಬೇಕು. ಮುಂದೆ ಹಲಗೆ ಕೊಂಚ ಕುಗ್ಗಿದರೂ ಆಗ ಸಂದು ತೆರೆಯುವುದಿಲ್ಲ. ಕಾಲು ಮತ್ತು ಪಟ್ಟಿ ಕೂಡುವೆಡೆಯಲ್ಲಿ ಉಳಿಯಿಂದ ಕಚ್ಚು ತೆಗೆದು ಕೂರಿಸಿದರೆ, ಬರಿಯ ಮೊಳೆಗಿಂತ ಭದ್ರ. ಮೊಳೆ ಹೊಡೆಯುವಲ್ಲಿ ಬೈರಿಗೆಯಿಂದ ಮೊದಲು ಸಣ್ಣ ತೂತು ಕೊರೆದುಕೊಂಡರೆ ಮರ ಸೀಳುವುದಿಲ್ಲ. ಪೆಟ್ಟಿಗೆಯ ತಳ ಮುಂದಕ್ಕೆ ತುಸು ಇಳಿಜಾರಾಗಿರಲಿ. ಮುಂಭಾಗದ ಕೆಳಗೆ ಜಾರುಹಲಗೆಯ ಚಿಕ್ಕ ಕಿಂಡಿಯಿರಲಿ. ಮೇಲೆ ತುಂಬಿ ಕೆಳಗೆ ತೆಗೆದರೆ ಹಳೆಯ ಧಾನ್ಯ ಮೊದಲು ಖರ್ಚಾಗುತ್ತದೆ. ಹಿಂದಿನ ಕಣಜಗಳ ತಳದ ಕಿಂಡಿಯ ಗುಟ್ಟೂ ಇದೇ.

ಕಾಲುಗಳು ಒಂದು ಅಡಿಯಾದರೂ ಎತ್ತರವಿರಬೇಕು. ಅಡಿಯಲ್ಲಿ ಪೊರಕೆ ಆಡುವಂತಿರಬೇಕು. ಗೋಡೆಯಿಂದಲೂ ಒಂದು ಅಡಿ ದೂರವಿಟ್ಟರೆ ಗೋಡೆಯ ಶೀತ ತಗಲುವುದಿಲ್ಲ, ಇಲಿಗೆ ಮರೆಯೂ ಸಿಗುವುದಿಲ್ಲ. ಗೆದ್ದಲು ಮಣ್ಣಿನ ದಾರಿ ಕಟ್ಟಿಕೊಂಡು ನೆಲದಿಂದ ಏರುವುದರಿಂದ ಕಾಲುಗಳ ಕೆಳಗೆ ಕಲ್ಲಿನ ತುಂಡುಗಳಿರಬೇಕು. ಚಾಮರಾಜನಗರದ ಕರಿಕಲ್ಲು ದೂರದೇಶಗಳಿಗೆ ಹೋಗುತ್ತದೆ. ಅದರ ಒಡಕು ಚೂರುಗಳು ಈ ಕೆಲಸಕ್ಕೆ ಸಾಕು. ಇಲಿಯ ಮುಂಬಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುವುದರಿಂದ ಅದು ಏನನ್ನಾದರೂ ಕಡಿಯಲೇಬೇಕು. ನಯವಾದ ಸಮತಳ ಹಲಗೆಯಲ್ಲಿ ಅದಕ್ಕೆ ಹಲ್ಲೂರಲು ಆಸ್ಪದ ಕಡಿಮೆ. ಅಂಚು ಮೂಲೆಗಳಿಂದಲೇ ಅದರ ಕೆಲಸ ಮೊದಲಾಗುತ್ತದೆ. ಆದುದರಿಂದ ಅಂಚುಗಳಿಗೆ ತಗಡಿನ ಪಟ್ಟಿ ಹೊದಿಸಬೇಕು.

ಹಾಗಾದರೆ ಇಡೀ ಪೆಟ್ಟಿಗೆಯನ್ನೇ ತಗಡಿನಿಂದ ಮಾಡಬಾರದೇಕೆ ಎಂದು ಯಾರಾದರೂ ಕೇಳಬಹುದು. ತಗಡಿನ ಡಬ್ಬಕ್ಕೆ ಇಲಿಯ ಭಯವಿಲ್ಲ, ಗೆದ್ದಲಿನ ಭಯವೂ ಇಲ್ಲ; ಇದು ನಿಜ. ಆದರೆ ತಗಡು ಹಗಲಿನಲ್ಲಿ ಬೇಗ ಕಾಯುತ್ತದೆ, ರಾತ್ರಿಯಲ್ಲಿ ಬೇಗ ತಣಿಯುತ್ತದೆ. ಧಾನ್ಯ ಪೂರ್ತಿ ಒಣಗಿರದಿದ್ದರೆ ತಣಿದ ತಗಡಿನ ಒಳಮೈಯಲ್ಲಿ ನೀರಹನಿ ಕೂಡಬಹುದು. ಮರವಾದರೋ ಶಾಖವನ್ನು ನಿಧಾನವಾಗಿ ಸಾಗಿಸುವುದರಿಂದ ಒಳಗಿನ ಹವೆ ಹೆಚ್ಚು ಏರಿಳಿಯದು.

ಮನೆಯ ಒಳಗಿನ ಕಣಜಕ್ಕೆ ಹೇಳಿದ ನಿಯಮ ಅಂಗಳದ ಈರುಳ್ಳಿಗೆ ಹೊಂದದು. ಧಾನ್ಯಕ್ಕೆ ಹೊರಗಿನ ಗಾಳಿ ವೈರಿ. ಈರುಳ್ಳಿಗೆ ಗಾಳಿಯೇ ಪ್ರಾಣ. ಮುಚ್ಚಿದ ಪೆಟ್ಟಿಗೆಯಲ್ಲಿ ಈರುಳ್ಳಿ ಬೆವರಿ ಕೊಳೆಯುತ್ತದೆ. ಅದಕ್ಕೆ ಬೇಕಾದುದು ನಾಲ್ಕು ಗಟ್ಟಿ ಕಂಬಗಳ ಮೇಲೆ ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಕಟ್ಟಿದ ಅಟ್ಟಣೆ. ಅದರ ತಳವೂ ಪಕ್ಕಗಳೂ ಗಡ್ಡೆ ಜಾರದಷ್ಟು ಕಿರಿದಾಗಿ, ಗಾಳಿ ನುಗ್ಗುವಷ್ಟು ಅಗಲವಾಗಿ ಸಂದುಬಿಟ್ಟ ಪಟ್ಟಿಗಳಿಂದ ಕೂಡಿರಬೇಕು. ಮೇಲಿನ ಹುಲ್ಲಿನ ಅಥವಾ ಹೆಂಚಿನ ಸೂರು ಸುತ್ತಲೂ ಮುಂಚಾಚಿದ್ದು ಎರಚಲನ್ನು ತಡೆಯಬೇಕು. ಗಡ್ಡೆಗಳನ್ನು ನೆರಳಿನಲ್ಲಿ ಆರಿಸಿ, ಕತ್ತು ಒಣಗಿದ ಮೇಲೆ, ಐದು ಅಡಿಗೆ ಮೀರದಂತೆ ಹರಡಬೇಕು. ರಾಶಿ ಹೆಚ್ಚಿದರೆ ತಳದ ಗಡ್ಡೆಗಳು ನಲುಗುತ್ತವೆ. ಕಂಬಗಳಿಗೆ ಅಟ್ಟಣೆಯ ತಳದ ಕೆಳಗೆ ಬೋರಲಾಗಿಸಿದ ಬೋಗುಣಿಯಂತೆ ತಗಡಿನ ಕೊಡೆ ಹೊಂದಿಸಿದರೆ ಏರಿಬಂದ ಇಲಿ ಅಲ್ಲಿಂದ ಹಿಂದಿರುಗಬೇಕಾಗುತ್ತದೆ. ಅಟ್ಟಣೆಯ ಒಂದು ಪಕ್ಕಕ್ಕೆ ಸೂರನ್ನು ಇಳಿಸಿದರೆ ಗುದ್ದಲಿ, ಕುಂಟೆ, ನೊಗ, ಹಗ್ಗಗಳಿಗೂ ಮಳೆ ತಾಗದ ಎಡೆಯಾಗುತ್ತದೆ.

ಪಟ್ಟಿಗಳಿಗೆ ಬಿದಿರೇ ಆಗಬೇಕೆಂದಿಲ್ಲ. ಇದೇ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ ಸೋಲಿಗರು ಲಾಂಟಾನದ ಕಡ್ಡಿಗಳನ್ನು ಕುದಿಸಿ, ಸಿಪ್ಪೆ ತೆಗೆದು, ಬಗ್ಗಿಸಿ ಕುರ್ಚಿ, ಮೇಜು, ಬುಟ್ಟಿಗಳನ್ನು ಮಾಡುತ್ತಾರೆ. ಲಾಂಟಾನ ಹೊರದೇಶದಿಂದ ಬಂದು ಕಾಡನ್ನೆಲ್ಲ ಆವರಿಸಿ, ಸ್ಥಳೀಯ ಗಿಡ ಹುಲ್ಲುಗಳನ್ನು ಅಡಗಿಸಿದ ಪೊದೆ. ಪೀಡೆಯೆನಿಸಿದ ಗಿಡವನ್ನೇ ಪೀಠವನ್ನಾಗಿ ಮಾಡಿಕೊಂಡ ಆ ಜಾಣ್ಮೆ ಹೊಲದ ಬೇಲಿಯಲ್ಲಿ ಬೆಳೆದ ಲಾಂಟಾನಕ್ಕೂ ಸಲ್ಲುತ್ತದೆ.

ಕಣಜ ಸಿದ್ಧವಾದ ಮೇಲೆ ಎಚ್ಚರವೂ ಬೇಕು. ಹೊಸ ಧಾನ್ಯ ತುಂಬುವ ಮೊದಲು ಒಳಗಿನ ಹಳೆಯ ಕಾಳು, ಧೂಳುಗಳನ್ನು ಸಂಪೂರ್ಣವಾಗಿ ತೆಗೆದು ಬಿಸಿಲು ತೋರಿಸಬೇಕು; ಸಂದಿನಲ್ಲಿ ಉಳಿದ ಹಿಡಿ ಕಾಳಿನಿಂದಲೇ ಹುಳುವಿನ ಸಂಸಾರ ಮತ್ತೆ ಮೊದಲಾಗುತ್ತದೆ. ಒಳಮೈಗೆ ಟಾರು, ಬಳಸಿದ ಯಂತ್ರದ ಎಣ್ಣೆ, ಕೀಟನಾಶಕಗಳನ್ನು ಬಳಿಯಬಾರದು. ಅನಿಲ ಬಿಡುವ ವಿಷದ ಗುಳಿಗೆಗಳನ್ನು ಮನೆಯೊಳಗಿನ ಪೆಟ್ಟಿಗೆಗೆ ಹಾಕುವುದು ಪ್ರಾಣಕ್ಕೇ ಅಪಾಯ. ಬಿತ್ತನೆಯ ಕಾಳಿಗೆ ಹಿಂದಿನವರು ಬೆರೆಸುತ್ತಿದ್ದ ಒಣಬೂದಿ ನಿರಪಾಯವಾದುದು. ಅದರ ನುಣುಪು ಕಣಗಳು ಹುಳುವಿನ ಮೈಯ ಮೇಣದ ಹೊದಿಕೆಯನ್ನು ಸವೆಸಿ, ಅದರ ತೇವ ಆರಿ ಸಾಯುವಂತೆ ಮಾಡುತ್ತವೆ. ಹೆಚ್ಚಿನ ತಿಳಿವಳಿಕೆ ಬೇಕಾದವರಿಗೆ ಮೈಸೂರು ದೂರವಲ್ಲ. 1950ರಲ್ಲಿ ಅಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು ಧಾನ್ಯ ಸಂರಕ್ಷಣೆಯನ್ನೂ ಅಭ್ಯಾಸ ಮಾಡುತ್ತ ಬಂದಿದೆ. ಇನ್ನೊಂದು ಮಾತು: ದೊಡ್ಡ ಪೆಟ್ಟಿಗೆಯ ಮುಚ್ಚಳಕ್ಕೆ ತಾನಾಗಿ ಬೀಳುವ ಚಿಲಕವಿರಬಾರದು. ಕಣ್ಣುಮುಚ್ಚಾಲೆಯಾಡುವ ಮಗು ಒಳಗೆ ಅಡಗಿ, ಮುಚ್ಚಳ ತೆರೆಯದೆ ಉಸಿರುಗಟ್ಟುವ ಅಪಾಯವನ್ನು ಮರೆಯಬಾರದು.

ಇಷ್ಟೆಲ್ಲ ಕೆಲಸಕ್ಕೆ ಮಹಾ ಪಾಂಡಿತ್ಯ ಬೇಕಿಲ್ಲ. ಗರಗಸ, ಉಳಿ, ಕೊಡತಿ, ಕೀಸುಳಿ, ಬೈರಿಗೆ, ಮೂಲೆಮಟ್ಟಗಳಿದ್ದರೆ, ಊರಿನ ಬಡಗಿಯ ಬಳಿ ಕೆಲವು ದಿನ ಕುಳಿತು ಕಲಿತರೆ, ಮನೆಯವರೆಲ್ಲ ಸೇರಿ ಮಾಡಬಹುದು. ಆದರೆ ಬಲ್ಲವನು ಮೊದಲು ಹಲಗೆಯನ್ನು ಕೊಯ್ಯುವುದಿಲ್ಲ. ಒಳಗಿಡುವ ಪದಾರ್ಥಕ್ಕೆ ಏನು ಬೇಕು, ಏನು ಬೇಡ ಎಂದು ಮೊದಲು ಕೇಳಿಕೊಳ್ಳುತ್ತಾನೆ. ರಾಗಿಗೆ ಮುಚ್ಚಿದ ಪೆಟ್ಟಿಗೆ, ಈರುಳ್ಳಿಗೆ ತೆರೆದ ಅಟ್ಟಣೆ ಎಂಬುದು ಆ ಪ್ರಶ್ನೆಗೆ ದೊರೆತ ಉತ್ತರ. ತೆನೆ ತೆನೆ ಕೂಡಿದರೆ ಬಳ್ಳ ಎಂಬುದು ಹಿರಿಯರ ಮಾತು. ಕೂಡಿದ ಬಳ್ಳವನ್ನು ಕಾಯುವ ಕಣಜವೊಂದು ಮನೆಯಲ್ಲಿದ್ದರೆ, ಮಳೆ ತಪ್ಪಿದ ವರ್ಷವೂ ಒಲೆಯ ಮೇಲಿನ ಮಡಕೆಯಲ್ಲಿ ಹಿಟ್ಟು ಬೇಯುತ್ತದೆ. ಮುಂದಿನ ಮುಂಗಾರಿಗೆ ಬಿತ್ತಲು ಬೀಜಕ್ಕಾಗಿ ಮತ್ತೊಬ್ಬರ ಬಾಗಿಲಿಗೆ ಹೋಗಬೇಕಾಗುವುದಿಲ್ಲ.