ಅಣ್ಣಾವ್ರು ಏಜೆಂಟ್ ಆಗಿದ್ದಾಗ: ಸಿಐಡಿ 999ರ ನೆನಪು ಯಾಕೆ ಉಳೀಬೇಕು?

ಶಿವಮೊಗ್ಗದವರಿಗೆ ಗಾಜನೂರು ಅಂದ್ರೆ ಮೊದಲು ನೆನಪಾಗೋದು ತುಂಗಾ ಅಣೆಕಟ್ಟು. ತೀರ್ಥಹಳ್ಳಿ ರಸ್ತೆಯಲ್ಲಿ, ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು ಅದು. ಡಾ. ರಾಜ್‌ಕುಮಾರ್ ಅವರ ಗಾಜನೂರು ಬೇರೆ. ಅದು ಚಾಮರಾಜನಗರದಾಚೆ, ತಮಿಳುನಾಡಿನ ತಾಳವಾಡಿ ಸೀಮೆಯಲ್ಲಿದೆ. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅಣ್ಣಾವ್ರನ್ನು ಹೊತ್ತೊಯ್ದದ್ದು ಆ ಗಾಜನೂರಿನ ಮನೆಯಿಂದ. ಎರಡು ಊರಿಗೂ ಸಂಬಂಧ ಇಲ್ಲ, ಹೆಸರು ಮಾತ್ರ ಒಂದೇ.

ಹೆಸರು ಒಂದೇ ಇದ್ದು ಆಳು ಬೇರೆಯಾಗೋದು ರಾಜ್‌ಕುಮಾರ್ ಅವರಿಗೂ ಅನ್ವಯಿಸುತ್ತೆ. ಪ್ರತಿ ಏಪ್ರಿಲ್‌ನಲ್ಲಿ ಶಿವಮೊಗ್ಗ, ಭದ್ರಾವತಿಯ ಸರ್ಕಲ್‌ಗಳಲ್ಲಿ ಹಾರ ಹಾಕಿಸಿಕೊಳ್ಳೋ ಫೋಟೋದಲ್ಲಿ ಇರೋದು ಬಿಳಿ ಪಂಚೆ, ಬಿಳಿ ಅಂಗಿಯ ವರನಟ. ಆದರೆ ಊರಿನ ಹಿರಿಯರ ತಲೆಯಲ್ಲಿ ಇನ್ನೊಬ್ಬ ರಾಜ್‌ಕುಮಾರ್ ಇದ್ದಾರೆ. ಸೂಟು ಹಾಕಿ, ಕೈಯಲ್ಲಿ ಪಿಸ್ತೂಲು ಹಿಡಿದು, ಖಳರ ಅಡ್ಡೆಗೆ ನುಗ್ಗುವ ಪ್ರಕಾಶ್. ಅಂದ್ರೆ ಸಿಐಡಿ 999. ಈ ಎರಡನೆಯವರು ಫೋಟೋಗೆ ಯಾಕೆ ಬರಲಿಲ್ಲ, ಅವರ ನೆನಪು ಯಾಕೆ ಮುಖ್ಯ ಅನ್ನೋದನ್ನು ಸ್ವಲ್ಪ ಬಿಡಿಸಿ ನೋಡೋಣ.

ಯಾರು ಈ 999?

ಇಂಗ್ಲಿಷಿನಲ್ಲಿ ಜೇಮ್ಸ್ ಬಾಂಡ್‌ನ ಮೊದಲ ಸಿನಿಮಾ ‘ಡಾಕ್ಟರ್ ನೋ’ ಬಂದದ್ದು 1962ರಲ್ಲಿ. ಶಾನ್ ಕಾನರಿ ಜಗತ್ತಿಗೆಲ್ಲ ಪರಿಚಯವಾದರು. ಆ ಗಾಳಿ ದಕ್ಷಿಣಕ್ಕೂ ಬೀಸಿತು. ಕನ್ನಡದಲ್ಲಿ ಅದನ್ನು ಹಿಡಿದವರು ದೊರೈ–ಭಗವಾನ್. ದೊರೈರಾಜ್ ಛಾಯಾಗ್ರಾಹಕರು, ಎಸ್.ಕೆ. ಭಗವಾನ್ ನಿರ್ದೇಶನದ ಕೆಲಸ ಕಲಿತವರು. ಇಬ್ಬರೂ ಸೇರಿ 1968ರಲ್ಲಿ ‘ಜೇಡರ ಬಲೆ’ ಮಾಡಿದರು. ಲೋಹವನ್ನು ಚಿನ್ನವಾಗಿಸುವ ಸೂತ್ರವೊಂದು ಸಿಕ್ಕಿದೆ, ಅದು ದುಷ್ಟರ ಕೈ ಸೇರಬಾರದು ಅನ್ನೋದೇ ಕಥೆಯ ಎಳೆ. ಕಬ್ಬಿಣ ಕರಗಿಸಿ ಬದುಕುತ್ತಿದ್ದ ಭದ್ರಾವತಿಯಂಥ ಊರಿಗೆ ಇದಕ್ಕಿಂತ ರುಚಿಯಾದ ಕಥೆ ಬೇಕಾ ಹೇಳಿ.

ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’ ಬಂತು. ಮುಂದಿನ ವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’. ಮುಂದೆ ಹಿಂದಿಯಲ್ಲಿ ದೊಡ್ಡ ಹೆಸರಾದ ರೇಖಾ ನಾಯಕಿಯಾಗಿ ತೆರೆಗೆ ಬಂದದ್ದು ಇದರಲ್ಲೇ. ಆಮೇಲೆ ಒಂಬತ್ತು ವರ್ಷ ಬಿಟ್ಟು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಒಟ್ಟು ನಾಲ್ಕು. ಈ ಕೊನೆಯದರಲ್ಲಿ ರಾಜ್‌ಕುಮಾರ್ ಸ್ವತಃ ಹಾಡಿದ ಇಂಗ್ಲಿಷ್ ಹಾಡು ಇವತ್ತು ಮೊಬೈಲ್‌ಗಳಲ್ಲಿ ಸುತ್ತುತ್ತಿರುತ್ತೆ. ಇಪ್ಪತ್ತರ ಹುಡುಗರಿಗೆ 999 ಗೊತ್ತಿದ್ದರೆ ಅದು ಬಹುಪಾಲು ಆ ಒಂದು ತುಣುಕಿನಿಂದ.

‘ಭಾರತದ ಮೊದಲ ಬಾಂಡ್’ ನಿಜವೇ?

ಅಭಿಮಾನದಲ್ಲಿ ಈ ಮಾತು ಆಗಾಗ ಬರುತ್ತೆ. ಆದರೆ ಲೆಕ್ಕ ಹಾಗಿಲ್ಲ. ತೆಲುಗಿನಲ್ಲಿ ಕೃಷ್ಣ ನಟಿಸಿದ ‘ಗೂಢಚಾರಿ 116’ ಬಂದದ್ದು 1966ರಲ್ಲಿ. ಅದೇ ಕಥೆ ಹಿಂದಿಗೆ ಹೋಗಿ 1967ರಲ್ಲಿ ಜೀತೇಂದ್ರರ ‘ಫರ್ಜ್’ ಆಯ್ತು. ತಮಿಳಿನಲ್ಲಿ ಜೈಶಂಕರ್ ಇದ್ದರು. ಹಾಗಾಗಿ ನಮ್ಮವರು ಮೊದಲಿಗರಲ್ಲ, ಕನ್ನಡಕ್ಕೆ ಮೊದಲಿಗರು. ಇದನ್ನು ಒಪ್ಪಿಕೊಂಡರೆ ಅಣ್ಣಾವ್ರ ಘನತೆಗೇನೂ ಕಡಿಮೆ ಆಗಲ್ಲ. ಸುಳ್ಳು ಕಿರೀಟ ಬೇಕಾಗೋದು ನಿಜವಾದ ಕಿರೀಟ ಇಲ್ಲದವರಿಗೆ.

ಕೇಳಬೇಕಾದ ಪ್ರಶ್ನೆ ಬೇರೆ ಇದೆ. ತೆಲುಗಿನವರು, ತಮಿಳಿನವರು ಮಾಡಿದ್ದನ್ನು ನೋಡಿಕೊಂಡು ಸುಮ್ಮನಿರದೆ ಕನ್ನಡದವರು ತಮ್ಮದೇ ಒಬ್ಬನನ್ನು ಯಾಕೆ ಮಾಡಿಕೊಂಡರು?

ಒಂದು ಕಾರಣ ಡಬ್ಬಿಂಗ್. ಅರವತ್ತರ ದಶಕದಲ್ಲಿ ಅ.ನ.ಕೃ. ಮೊದಲಾದವರ ಹೋರಾಟದಿಂದ ಕನ್ನಡಕ್ಕೆ ಡಬ್ ಆದ ಸಿನಿಮಾ ಬರೋದು ನಿಂತುಹೋಯ್ತು. ಅದು ಸರಿಯೋ ತಪ್ಪೋ ಅನ್ನೋ ವಾದ ಇವತ್ತಿಗೂ ಮುಗಿದಿಲ್ಲ, ಇರ್ಲಿ. ಪರಿಣಾಮ ಮಾತ್ರ ಸ್ಪಷ್ಟ. ಗೂಢಚಾರ ಕನ್ನಡದಲ್ಲಿ ಮಾತಾಡಬೇಕು ಅಂದ್ರೆ ಅವನನ್ನು ಕನ್ನಡದಲ್ಲೇ ಹುಟ್ಟಿಸಬೇಕಿತ್ತು. ಇನ್ನೊಂದು ಕಾರಣ ನಮ್ಮ ಓದು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಐವತ್ತರ ದಶಕದಿಂದಲೇ ಕನ್ನಡಿಗರ ಮನೆ ಸೇರಿದ್ದ. ಬಸ್ ಸ್ಟ್ಯಾಂಡಿನಲ್ಲಿ ಕೊಂಡು, ಒಬ್ಬರಿಂದೊಬ್ಬರಿಗೆ ದಾಟಿ, ಹಾಳೆ ಕಿತ್ತು ಬರೋವರೆಗೂ ಓದಿಸಿಕೊಳ್ಳುತ್ತಿದ್ದ ಪುಸ್ತಕಗಳು ಅವು. ಹೀಗಾಗಿ 999 ತೆರೆಗೆ ಬಂದಾಗ ಅವನ ಪ್ರೇಕ್ಷಕ ಆಗಲೇ ತಯಾರಿದ್ದ. ಹೆಸರೂ ಅದನ್ನೇ ಹೇಳುತ್ತೆ. ‘ಗೂಢಚಾರಿ’ ಅನ್ನದೆ ‘ಸಿಐಡಿ’ ಅಂದರು. ಮಫ್ತಿಯಲ್ಲಿ ಬರುವ ಯಾರನ್ನು ಕಂಡರೂ ‘ಸಿಐಡಿ ಇರಬೇಕು’ ಅನ್ನುತ್ತಿದ್ದ ಜನರಿಗೆ ಆ ಪದ ಪರಿಚಿತ. ಲಂಡನ್ನಿನ ಗೂಢಚಾರನನ್ನು ನಮ್ಮ ಊರಿನ ಪೊಲೀಸ್ ಠಾಣೆಯ ಪಕ್ಕಕ್ಕೆ ತಂದು ನಿಲ್ಲಿಸಿದ ಪದ ಅದು.

ಭದ್ರಾವತಿಗೆ ಯಾಕೆ ಹತ್ತಿರ?

ಭದ್ರಾವತಿ ಒಂದೇ ಭಾಷೆಯ ಊರಲ್ಲ. 1923ರಲ್ಲಿ ಕುಲುಮೆ ಹೊತ್ತಿಕೊಂಡ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಶುರುವಾದ ಕಾಗದ ಕಾರ್ಖಾನೆ, ಇವೆರಡೂ ಎಲ್ಲೆಲ್ಲಿಂದಲೋ ಜನರನ್ನು ಕರೆತಂದವು. ನ್ಯೂಟೌನ್, ಪೇಪರ್‌ಟೌನ್, ಜನ್ನಾಪುರದ ಬೀದಿಗಳಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು, ಮಲಯಾಳಂ ಎಲ್ಲ ಕೇಳಿಸುತ್ತಿತ್ತು. ಇಂಥ ಊರಿನಲ್ಲಿ ಎಂಜಿಆರ್‌ಗೂ ಅಭಿಮಾನಿಗಳು, ಎನ್‌ಟಿಆರ್‌ಗೂ ಅಭಿಮಾನಿಗಳು. ಕನ್ನಡದ ಹುಡುಗ ‘ನಿಮ್ಮವರು ಕತ್ತಿ ಹಿಡೀತಾರೆ, ನಮ್ಮವರು ಕತ್ತಿನೂ ಹಿಡೀತಾರೆ, ಪಿಸ್ತೂಲೂ ಹಿಡೀತಾರೆ’ ಅಂತ ಎದೆ ತಟ್ಟಿಕೊಳ್ಳೋಕೆ ಒಂದು ಸಿನಿಮಾ ಬೇಕಿತ್ತು. 999 ಅದನ್ನು ಕೊಟ್ಟಿತು.

ಇನ್ನೊಂದು ಮಾತು. 1968ರಲ್ಲಿ ರಾಜ್‌ಕುಮಾರ್ ಏನೆಲ್ಲ ಮಾಡಿದರು ನೋಡಿ. ‘ಮಣ್ಣಿನ ಮಗ’ದಲ್ಲಿ ರೈತ. ತ್ರಿವೇಣಿಯವರ ಕಾದಂಬರಿಯಿಂದ ಬಂದ ‘ಹಣ್ಣೆಲೆ ಚಿಗುರಿದಾಗ’ದಲ್ಲೂ ಅವರೇ. ನೂರನೇ ಚಿತ್ರ ‘ಭಾಗ್ಯದ ಬಾಗಿಲು’ ಕೂಡ ಅದೇ ವರ್ಷ. ಅದೇ ಮನುಷ್ಯ ಅದೇ ವರ್ಷ ಎರಡು ಸಲ 999. ಹಾಗೇ ದೊರೈ–ಭಗವಾನ್ ಜೋಡಿ ಮೂರು ವರ್ಷ ಬಿಟ್ಟು ಕೊಟ್ಟದ್ದು ‘ಕಸ್ತೂರಿ ನಿವಾಸ’, ಆಮೇಲೆ ‘ಎರಡು ಕನಸು’. ಪಿಸ್ತೂಲಿನ ಸಿನಿಮಾ ಮಾಡಿದ ಕೈಗಳೇ ಕಣ್ಣೀರಿನ ಸಿನಿಮಾವನ್ನೂ ಮಾಡಿದವು.

ಹಾಗಿದ್ರೆ ಮರೆತದ್ದು ಯಾಕೆ?

ಶಾನ್ ಕಾನರಿ 2020ರ ಅಕ್ಟೋಬರ್ 31ರಂದು ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳಲ್ಲಿ ಹೆಸರಿನ ಪಕ್ಕದಲ್ಲೇ ಬಾಂಡ್ ಇದ್ದ. 2017ರಲ್ಲಿ ರೋಜರ್ ಮೂರ್ ಹೋದಾಗಲೂ ಅಷ್ಟೇ. ಅವರಿಗೆ ಬಾಂಡ್ ಒಂದು ಭಾಗ್ಯ, ಒಂದು ಪಂಜರ. ರಾಜ್‌ಕುಮಾರ್ ಅವರದ್ದು ಉಲ್ಟಾ. 2006ರ ಏಪ್ರಿಲ್ 12ರಂದು ಅವರು ಹೋದಾಗ ನೆನಪಾದದ್ದು ಬೇಡರ ಕಣ್ಣಪ್ಪ, ಮಯೂರ, ಬಬ್ರುವಾಹನ, ಬಂಗಾರದ ಮನುಷ್ಯ. 999 ಎಲ್ಲೋ ಹಿಂದಿನ ಸಾಲಿನಲ್ಲಿದ್ದ.

ಇದಕ್ಕೆ ಕಾರಣ ಅಭಿಮಾನವೇ. 1982ರ ಗೋಕಾಕ್ ಚಳವಳಿಯಲ್ಲಿ ರಾಜ್‌ಕುಮಾರ್ ಊರೂರು ಸುತ್ತಿದ ಮೇಲೆ ಅವರು ನಟ ಮಾತ್ರ ಆಗಿ ಉಳಿಯಲಿಲ್ಲ, ಭಾಷೆಯ ಗುರುತಾದರು. ಅಭಿಮಾನಿಗಳನ್ನು ಅವರು ದೇವರು ಅಂದರು, ಅಭಿಮಾನಿಗಳು ಅದನ್ನು ಹಿಂದಿರುಗಿಸಿದರು. ದೇವರ ಕೈಗೆ ಪಿಸ್ತೂಲು ಕೊಡೋದು ಕಷ್ಟ, ಕ್ಲಬ್ಬಿನ ಹಾಡಿಗೆ ಹೆಜ್ಜೆ ಹಾಕಿಸೋದು ಇನ್ನೂ ಕಷ್ಟ. ಸರ್ಕಲ್‌ನ ಪುತ್ಥಳಿಗೆ ಒಂದೇ ಭಂಗಿ ಇರಬಹುದು. ಬದುಕಿದ್ದ ನಟನಿಗೆ ನೂರು ಭಂಗಿ ಇದ್ದವು.

ನೆನಪಿನ ಕಷ್ಟದ ಭಾಗವನ್ನೂ ಹೇಳಬೇಕು. 2006ರ ಏಪ್ರಿಲ್ 12, 13ರಂದು ಬೆಂಗಳೂರಿನಲ್ಲಿ ದುಃಖ ಗಲಭೆಯಾಗಿ, ಪೊಲೀಸ್ ಸಿಬ್ಬಂದಿಯೂ ಸೇರಿ ಜೀವಗಳು ಹೋದವು. ಕಂಠೀರವ ಸ್ಟುಡಿಯೋದಲ್ಲಿ ಮಣ್ಣಾದ ಆ ಸಾಧು ಮನುಷ್ಯನ ಹೆಸರಿನಲ್ಲಿ ಹಾಗಾಗಬಾರದಿತ್ತು. ಆದರೆ ಅದೇ ಹೊತ್ತಲ್ಲಿ ಅವರ ಕಣ್ಣುಗಳು ದಾನವಾದವು. ಹದಿನೈದು ವರ್ಷದ ಮೇಲೆ, 2021ರ ಅಕ್ಟೋಬರ್ 29ರಂದು ಮಗ ಪುನೀತ್ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ನೆನಪು ಮಾಡಿಕೊಳ್ಳೋಕೆ ಎರಡು ದಾರಿ ಇವೆ ಅಂತ ಇದಕ್ಕಿಂತ ಚೆನ್ನಾಗಿ ಯಾರು ಹೇಳಬೇಕು.

ಈಗ ಏನು ಕಳೆದುಹೋಗ್ತಿದೆ?

1968ರಲ್ಲಿ ಹದಿನೈದು ವರ್ಷದವರಾಗಿ ‘ಜೇಡರ ಬಲೆ’ ನೋಡಿದವರು ಇವತ್ತು ಎಪ್ಪತ್ತು ದಾಟಿದ್ದಾರೆ. ಸಂಗೀತ ಕೊಟ್ಟ ಜಿ.ಕೆ. ವೆಂಕಟೇಶ್ ಇಲ್ಲ, ನಗಿಸಿದ ನರಸಿಂಹರಾಜು ಇಲ್ಲ. ನಾಯಕಿ ಜಯಂತಿ 2021ರಲ್ಲಿ, ಭಗವಾನ್ 2023ರ ಫೆಬ್ರವರಿಯಲ್ಲಿ ಹೋದರು. ಊರುಗಳ ಕಥೆಯೂ ಇದೇ. ಕಾಗದ ಕಾರ್ಖಾನೆ ಸದ್ದು ನಿಲ್ಲಿಸಿ ವರ್ಷಗಳಾದವು. ಉಕ್ಕಿನ ಕಾರ್ಖಾನೆ ಮುಚ್ಚುವ ಸುದ್ದಿ 2023ರಲ್ಲಿ ಕಾರ್ಮಿಕರನ್ನು ಬೀದಿಗೆ ತಂದಿತ್ತು. ಶಿವಮೊಗ್ಗದಲ್ಲಿ ಲಕ್ಷ್ಮಿ ಟಾಕೀಸ್ ಅನ್ನೋದು ಸಿನಿಮಾ ನೋಡದವರಿಗೂ ಒಂದು ವಿಳಾಸ. ಟಾಕೀಸುಗಳು ಹೀಗೆ ಒಂದೊಂದಾಗಿ ವಿಳಾಸವಾಗಿ ಮಾತ್ರ ಉಳಿಯುತ್ತವೆ. ಶಿಫ್ಟ್ ಲೆಕ್ಕದಲ್ಲಿ ಬದುಕಿದ ಊರು ಶೋ ಲೆಕ್ಕದಲ್ಲಿ ಸಿನಿಮಾ ನೋಡಿದ ಬಗೆ ಯಾವ ಪುಸ್ತಕದಲ್ಲೂ ಸಿಗಲ್ಲ. ಅದು ಆ ಹಿರಿಯರ ತಲೆಯಲ್ಲಿ ಮಾತ್ರ ಇದೆ.

ಇದೇ ಜಿಲ್ಲೆಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಜಗತ್ತಿನ ಶ್ರೇಷ್ಠ ಸಿನಿಮಾಗಳನ್ನು ಹಳ್ಳಿಯವರಿಗೆ ತೋರಿಸಿತು. ಅದು ದಾಖಲಾಗಿದೆ, ಆಗಲೇಬೇಕಿತ್ತು. ಆದರೆ ಗಾಂಧಿ ಕ್ಲಾಸಿನಲ್ಲಿ ಕೂತು ಶಿಳ್ಳೆ ಹೊಡೆದವರದ್ದೂ ಸಿನಿಮಾ ಇತಿಹಾಸವೇ ಅಲ್ವಾ?

ಮಾಡಬಹುದಾದ್ದು ದೊಡ್ಡದೇನಲ್ಲ. ಏಪ್ರಿಲ್ 12 ಪುಣ್ಯತಿಥಿ, 24 ಹುಟ್ಟುಹಬ್ಬ. ನಡುವೆ ಹನ್ನೆರಡು ದಿನ. ಅಭಿಮಾನಿ ಸಂಘಗಳು ಅನ್ನದಾನ, ರಕ್ತದಾನ ಮಾಡ್ತವೆ, ಒಳ್ಳೇದು. ಅದರ ಜೊತೆಗೆ ಒಂದು ಸಂಜೆ 999ರ ಒಂದು ಸಿನಿಮಾ ಹಾಕಲಿ, ಹಿರಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಲಿ. ಮುಗಿದ ಮೇಲೆ ಮೈಕು ಅವರ ಕೈಗೆ ಕೊಡಲಿ. ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ನೀವೇ ಕೇಳಿ: ಯಾವ ಟಾಕೀಸು, ಯಾರ ಜೊತೆ ಹೋಗಿದ್ರಿ, ದುಡ್ಡು ಎಲ್ಲಿಂದ ತಂದ್ರಿ, ಮನೆಯಲ್ಲಿ ಏನು ಸುಳ್ಳು ಹೇಳಿದ್ರಿ? ಹೆಂಗಸರನ್ನು ಕೇಳೋದು ಮರೀಬೇಡಿ, ಅವರ ಕಥೆ ಬೇರೆಯೇ ಇರುತ್ತೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಹಳೇ ಟ್ರಂಕಿನಲ್ಲಿ ಹಾಡಿನ ಪುಸ್ತಕ ಸಿಕ್ಕರೆ ಫೋಟೋ ತೆಗೆದಿಡಿ.

ಪತ್ತೇದಾರಿಯ ಮೊದಲ ಪಾಠ ಇಷ್ಟೇ: ಸಾಕ್ಷಿಗಳು ಇರುವಾಗಲೇ ಹೇಳಿಕೆ ಪಡೀಬೇಕು. ಸಿಐಡಿ 999ರ ವಿಷಯದಲ್ಲಿ ಸಾಕ್ಷಿಗಳು ಇನ್ನೂ ನಮ್ಮ ಜಗಲಿಯಲ್ಲೇ ಕೂತಿದ್ದಾರೆ.